ಎರ್ಲಿಂದಾಳ ಸಾಲ್ಸಾ ಸಪ್ಪೆಯಾದ ವಾರ

"ಸಪ್ಪೆ," ಎಂದಳು ತೊಮಾಸಾ.

ಬಿಸಿ ಮೆಕ್ಕೆಜೋಳದ ರೊಟ್ಟಿಯ, ಟೋರ್ಟಿಯಾದ, ಚೂರೊಂದನ್ನು ಒರಳಿನ ಅಂಚಿಗೆ ಸವರಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಕಾದು ಕೊಟ್ಟ ತೀರ್ಪು ಅದು. ಕೆಲವು ಖಾರಗಳು ನಿಧಾನಕ್ಕೆ ಏರುತ್ತವೆ ಎಂಬುದು ಮುದುಕಿಗೆ ಗೊತ್ತಿತ್ತು. ಹಾಗಾಗಿ ಇನ್ನೊಂದು ಚೂರು ಸವರಿ ಮತ್ತೆ ಕಾದಳು. ಮೂಗು ಸೋರಲಿಲ್ಲ. ಕಿವಿ ಬಿಸಿಯಾಗಲಿಲ್ಲ. ಕಣ್ಣು ತೆರೆದು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವತ್ತು ಯಾರ ಮೇಲೂ ಕೋಪ ಇಲ್ವೇನೇ ನಿಂಗೆ?"

"ಮೆಣಸಿನಕಾಯಿ ಹಳೇದಿರ್ಬೇಕು ಅತ್ತೆ," ಎಂದು ಎರ್ಲಿಂದಾ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಶುಕ್ರವಾರ ತಂದಿದ್ದು. ತೊಟ್ಟು ಬಿಡಿಸಿದ್ದು ನಾನು. ಸೀನಿ ಸೀನಿ ಹಲ್ಲಿನ ಸೆಟ್ಟು ಮಡಿಲಿಗೆ ಬಿತ್ತು. ತಪ್ಪನ್ನ ಮೆಣಸಿನಕಾಯಿ ಮೇಲೆ ಹಾಕ್ಬೇಡ."

ಚಿಯೌತೆಂಪಾನ್ ಊರಿನ ಮಾರುಕಟ್ಟೆಯಲ್ಲಿ ಸಾಲ್ಸಾದ, ಅಂದರೆ ಒರಳಲ್ಲಿ ಅರೆದ ಟೊಮೇಟೊ ಚಟ್ನಿಯ, ಖಾರ ಮೆಣಸಿನಕಾಯಿಯಿಂದ ಬರುತ್ತದೆಂದು ಯಾರೂ ನಂಬುವುದಿಲ್ಲ. ಅದು ಅರೆಯುವವಳ ಸಿಟ್ಟಿನಿಂದ ಬರುತ್ತದೆ. ಹೊಸ ಮದುವಣಗಿತ್ತಿ ಅರೆದದ್ದನ್ನು ಹಲ್ಲು ಬಾರದ ಮಗುವಿಗೂ ನೆಕ್ಕಿಸಬಹುದು. ಗಂಡ ತಡವಾಗಿ ಮನೆಗೆ ಬರತೊಡಗಿದ ಮೇಲೆ ಅದೇ ಕೈ, ಅದೇ ಒರಳು. ಆದರೆ ಒಂದು ಚಮಚ ಎರವಲು ಒಯ್ದ ನೆರೆಮನೆಯವಳು ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಮುಟ್ಟಿಸಿರುತ್ತಾಳೆ. ಈ ಲೆಕ್ಕದಲ್ಲಿ ಎರ್ಲಿಂದಾಳಷ್ಟು ಸಿಟ್ಟಿನ ಹೆಂಗಸು ಆ ಊರಿನಲ್ಲೇ ಇರಲಿಲ್ಲ. ಅವಳ ಗಂಡ ರುಫಿನೊ ಎದೆ ಹಿಡಿದುಕೊಂಡು ಸತ್ತದ್ದು ಊರಾಚೆ ಇನ್ನೊಬ್ಬಳ ಮನೆಯಲ್ಲಿ, ಅವಳ ಊಟದ ಮೇಜಿನ ಮುಂದೆ, ಮನೆಯೊಳಗೆ ಹಾಕುವ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡು. ದೀಪ ರಿಪೇರಿಗೆ ಹೋಗಿದ್ದ ಎಂದು ತೊಮಾಸಾ ಇವತ್ತಿಗೂ ಹೇಳುತ್ತಾಳೆ. ಯಾರೂ ಎದುರಾಡುವುದಿಲ್ಲ. ಆದರೆ ಆಮೇಲೆ ಎರ್ಲಿಂದಾ ಅರೆದ ಸಾಲ್ಸಾ ತಿಂದವರು, ದೀಪ ರಿಪೇರಿಗೆ ಇಷ್ಟು ಖಾರ ಬರುವುದಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡರು.

ಅತ್ತೆ ಸೊಸೆಯರ ಊಟದಂಗಡಿ ನಡೆಯುತ್ತಿದ್ದದ್ದೇ ಆ ಖಾರದ ಮೇಲೆ. ಮಧ್ಯಾಹ್ನವಾಯಿತೆಂದರೆ ಮಾಂಸದಂಗಡಿಯವರು, ಕಂಬಳಿ ವ್ಯಾಪಾರಿಗಳು, ಮೂಟೆ ಹೊರುವವರು ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಿದ್ದರು. ಮೊದಲ ತುತ್ತಿಗೆ ಮಾತು ನಿಲ್ಲುತ್ತಿತ್ತು. ಎರಡನೆಯದಕ್ಕೆ ಹಣೆಯ ಮೇಲೆ ಬೆವರು ಸಾಸಿವೆಯಂತೆ ಮೂಡುತ್ತಿತ್ತು. ಆಮೇಲೆ ಎಲ್ಲರೂ ಮೂಗು ಸೊರಸೊರ ಎಳೆಯುತ್ತ, ಹಲ್ಲಿನ ಸಂದಿಯಿಂದ ಗಾಳಿ ಹೀರುತ್ತ, "ಅಯ್ಯೋ ತಾಯಿ" ಎನ್ನುತ್ತ, ಎನ್ನುತ್ತಲೇ ಮತ್ತೆ ಬಟ್ಟಲಿಗೆ ಕೈ ಚಾಚುತ್ತಿದ್ದರು. ಮಾಂಸದಂಗಡಿಯ ಗಾಬಿನೊ ಅಂಥ ದೊಡ್ಡ ಆಳು, ಅಳುತ್ತ ಉಣ್ಣುವುದನ್ನು ನೋಡಿದರೆ ಯಾರೋ ತೀರಿಕೊಂಡಿದ್ದಾರೆ ಅನ್ನಿಸುತ್ತಿತ್ತು. "ನನ್ನ ಹೆಂಡತಿಗೋಸ್ಕರಾನೂ ನಾನು ಇಷ್ಟು ಅತ್ತಿಲ್ಲ ಅಕ್ಕಾ, ಇನ್ನೊಂದು ಚಮಚ ಹಾಕು" ಎನ್ನುವನು.

ಆ ಸೋಮವಾರ ಗಾಬಿನೊ ಅಳಲಿಲ್ಲ. ತುತ್ತನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೊರಳಿಸಿ, ಮೋಸ ಹೋದವನಂತೆ ನೋಡಿದ.

"ಹುಷಾರಿಲ್ವಾ ಅಕ್ಕಾ?"

"ಚೆನ್ನಾಗೇ ಇದೀನಿ."

"ಅದೇ ನಂಗೆ ಭಯ," ಎಂದ ಗಾಬಿನೊ. ಬೆಂಚಿನ ಉದ್ದಕ್ಕೂ ನಗು ಹರಿಯಿತು.

ನಗದಿದ್ದವನು ಬೆಂಚಿನ ತುದಿಯಲ್ಲಿದ್ದ ಎಲಿಸೆಯೊ ಒಬ್ಬನೇ. ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮಳೆಗಾಲದ ಮುಂಚೆ ಬಂದು, ಎದುರಿನ ಸಾಲಿನಲ್ಲಿ ನೂಲಿನಂಗಡಿಯ ಪಕ್ಕ ಒಂದು ಮೇಜು ಹಾಕಿಕೊಂಡಿದ್ದ. ಎಣ್ಣೆಯಲ್ಲೇ ಕೆಲಸವಾದರೂ ಉಗುರು ಸ್ವಚ್ಛ. ಐವತ್ತೈದು ದಾಟಿದ ಒಂಟಿ ಮನುಷ್ಯ. ಅವನಿಗೆ ಖಾರ ಆಗಿಬರುತ್ತಿರಲಿಲ್ಲ. ಖಾರ ಆಗದ ಗಂಡಸು ಆ ಬೆಂಚಿನ ಮೇಲೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸಾಲ್ಸಾದ ಬಟ್ಟಲನ್ನು ಮುಟ್ಟದೆ ಎದ್ದರೆ ಅಡುಗೆಯವಳ ಮುಖಕ್ಕೆ ಬಾಗಿಲು ಹಾಕಿದಂತೆ. ಆದ್ದರಿಂದ ದಿನವೂ ಒಂದೇ ಒಂದು ಚಮಚ ಹಾಕಿಕೊಂಡು, ಬಿಕ್ಕಳಿಸುತ್ತ, ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ ಉಂಡು ಮುಗಿಸುತ್ತಿದ್ದ. ಆ ದಿನ ಮೂರು ಸಲ ಹಾಕಿಸಿಕೊಂಡ. ಒಂದೂ ಬಿಕ್ಕಳಿಕೆ ಇಲ್ಲ.

"ಇವತ್ತು ತುಂಬಾ ಚೆನ್ನಾಗಿದೆ," ಎಂದ ಎದ್ದು ಹೋಗುವಾಗ.

ಎರ್ಲಿಂದಾ ತಲೆ ತಗ್ಗಿಸಿ ತಟ್ಟೆ ಎತ್ತಿದಳು. ತಗ್ಗಿಸಿದ್ದು ತಡವಾಯಿತು. ಹೆಂಚಿನ ಮುಂದೆ ಕೂತಿದ್ದ ತೊಮಾಸಾ ಸೊಸೆಯ ಮುಖವನ್ನೂ ಹೋಗುತ್ತಿದ್ದವನ ಬೆನ್ನನ್ನೂ ನೋಡಿ, ಟೋರ್ಟಿಯಾವನ್ನು ಮಗುಚಿ ಹಾಕಿದಳು.

ನಡೆದದ್ದು ಇಷ್ಟೇ. ಶನಿವಾರ ಎಲ್ಲರೂ ಎದ್ದು ಹೋದ ಮೇಲೆ ಎಲಿಸೆಯೊ ಲೋಟ ಕೆಳಗಿಟ್ಟು, "ನೀವು ಊಟ ಮಾಡಿದ್ರಾ?" ಎಂದು ಕೇಳಿದ್ದ. ಇಡೀ ದಿನ ಬಡಿಸುವ ಹೆಂಗಸನ್ನು ಯಾರೂ ಕೇಳದ ಮಾತು. ಬಾಣಲೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಕೆರೆದು ತಿಂದು ಅವಳಿಗೆ ವರ್ಷಗಳೇ ಆಗಿದ್ದವು. ಭಾನುವಾರವಿಡೀ ಆ ಪ್ರಶ್ನೆ ಕಿವಿಯಲ್ಲಿತ್ತು. ಸೋಮವಾರ ಬೆಳಿಗ್ಗೆ ಒರಳ ಮುಂದೆ ಕೂತಾಗಲೂ ಇತ್ತು. ಮೆಣಸಿನಕಾಯಿ ಹುರಿದಳು, ಹಾಕಿದಳು; ಎಷ್ಟು ಹಾಕಿದೆನೆಂಬುದು ಮಾತ್ರ ನೆನಪಿಲ್ಲ.

ಐವತ್ತೆರಡು ವರ್ಷದ ಹೆಂಗಸಿಗೆ ಇಂಥದ್ದು ನಗೆಪಾಟಲು ಎಂದು ಅವಳಿಗೆ ಗೊತ್ತಿತ್ತು. ಮಾರುಕಟ್ಟೆಯ ನಗೆಯನ್ನಾದರೂ ಹೇಗೋ ಸಹಿಸಬಹುದು. ಹೆದರಿಕೆ ಇದ್ದದ್ದು ಅತ್ತೆಯದು. ರುಫಿನೊ ಸತ್ತ ಮೇಲೆ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಹೆಂಗಸರು, ಒಂದೇ ರೇಡಿಯೊ, ಒಂದೇ ಸೋಪು. ತೊಮಾಸಾ ಪ್ರತಿ ಬೆಳಿಗ್ಗೆ ಸಾಲ್ಸಾದ ರುಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ತೃಪ್ತಿಯಿಂದ ತಲೆಯಾಡಿಸುವುದನ್ನು ಎರ್ಲಿಂದಾ ನೋಡುತ್ತ ಬಂದಿದ್ದಳು. ಸೊಸೆಯ ಸಿಟ್ಟು ಆರದೆ ಇರುವವರೆಗೆ ಮಗ ಅವಳ ಗಂಡನಾಗಿಯೇ ಉಳಿದಿರುತ್ತಾನೆ. ಬೈಗುಳಕ್ಕಾದರೂ ಅವನ ಹೆಸರು ಬೇಕಾಗುತ್ತದೆ. ಸಾಲ್ಸಾ ಸಪ್ಪೆಯಾದರೆ ಆ ಮುದುಕಿಗೆ ಉಳಿಯುವುದೇನು? ಟ್ರಂಕು ಕಟ್ಟಿಕೊಂಡು ಅಪಿಸಾಕೊ ಊರಿನಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟಾಳು. ಹೋಗುವಾಗ ಒಂದು ಮಾತೂ ಆಡಲಾರಳು. ಎರ್ಲಿಂದಾಳಿಗೆ ಹೆಚ್ಚು ಹೆದರಿಕೆ ಇದ್ದದ್ದು ಆ ಮೌನದ್ದೇ.

ಮಂಗಳವಾರ ಬೆಳಿಗ್ಗೆ ಅವಳು ಮಾಮೂಲಿನ ಒಣಮೆಣಸಿನಕಾಯಿಯನ್ನು ಎರಡು ಹಿಡಿ ಹುರಿದಳು. ಅದು ಸಾಲದೆಂದು ಕಪ್ಪು ಬೀಜದ ಹಳದಿ ಮನ್ಸಾನೊ ಮೆಣಸಿನಕಾಯಿಗಳನ್ನು, ಬೀಜವನ್ನೂ ತೆಗೆಯದೆ, ಸುಟ್ಟು ಸೇರಿಸಿದಳು. ಹೊಗೆಗೆ ಪಕ್ಕದ ಹೂವಿನಂಗಡಿಯವಳು ಕೆಮ್ಮುತ್ತ ಬಕೆಟ್ಟುಗಳೊಂದಿಗೆ ಹೊರಗೆ ಓಡಿದಳು. ಅರೆಯುವಾಗ ಎರ್ಲಿಂದಾಳ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಆದರೆ ಮನಸ್ಸು ಮಾತ್ರ ಹಗುರವಾಗಿತ್ತು. ಹಾಡೊಂದು ಬಾಯಿಗೆ ಬಂದದ್ದನ್ನು ಅವಳು ತುಟಿ ಕಚ್ಚಿ ಹಿಡಿದಳು.

ತೊಮಾಸಾ ಚೂರು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚುವಷ್ಟರಲ್ಲೇ ಅವು ತಾವಾಗಿ ತೆರೆದುಕೊಂಡವು. ಉಸಿರು ಹಿಂದಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹ್ಞಾ," ಎಂದಳು ಒಡೆದ ದನಿಯಲ್ಲಿ. "ಇವಳು ನಮ್ಮ ಸೊಸೆ."

ಆ ಮಧ್ಯಾಹ್ನ ಅಂಗಡಿಯಲ್ಲಿ ಹಬ್ಬವಾಯಿತು. ಗಾಬಿನೊ ಮೇಜಿಗೆ ಗುದ್ದಿ ಗುದ್ದಿ ಅತ್ತ. ಕಂಬಳಿ ವ್ಯಾಪಾರಿಯೊಬ್ಬ ಶರ್ಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ತಾನು ಸತ್ತರೆ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಪಕ್ಕದವನಿಗೆ ಹೇಳಿ, ಮತ್ತೆ ಬಟ್ಟಲಿಗೆ ಕೈ ಹಾಕಿದ. ಮಾತು ಮಾರುಕಟ್ಟೆಯ ಮೂಲೆಮೂಲೆಗೆ ಹೋಗಿ ಹೊಸ ಗಿರಾಕಿಗಳು ನಿಂತುಕೊಂಡೇ ತಿಂದರು. ಬೆಂಚಿನ ತುದಿಯಲ್ಲಿ ಎಲಿಸೆಯೊ, ಹಿಂದಿನ ದಿನದ ಧೈರ್ಯದಲ್ಲಿ, ಕೋಳಿಯ ಮೇಲೆ ಧಾರಾಳವಾಗಿ ಸುರಿದುಕೊಂಡ.

ಎರ್ಲಿಂದಾ ಬೆನ್ನು ತಿರುಗಿಸಿ ನಿಂತಳು. ಬಿಕ್ಕಳಿಕೆ ಮಾತ್ರ ಕೇಳಿಸುತ್ತಿತ್ತು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಅವನೇ ರಿಪೇರಿ ಮಾಡುವ ಯಂತ್ರದ ಹಾಗೆ ಒಂದೇ ಸಮನೆ. ತಟ್ಟೆ ಖಾಲಿ ಮಾಡಿಯೇ ಅವನು ಎದ್ದ. ಗೋಡೆಗೆ ಕೈ ಕೊಟ್ಟು ನಡೆಯುತ್ತ ಹೋದ.

ಸಂಜೆ ಚೋಲೆ ಬಂದಳು. ಮಾರುಕಟ್ಟೆಯ ಶೌಚಾಲಯದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಬಂದವರ ಕೈಗೆ ಮಡಿಸಿದ ಕಾಗದ ಕೊಡುವವಳು ಅವಳು. ಊರಿನ ವೈದ್ಯರಿಗಿಂತ ಮುಂಚೆ ಊರಿನ ಹೊಟ್ಟೆಯ ಸುದ್ದಿ ಅವಳಿಗೆ ತಲುಪುತ್ತಿತ್ತು.

"ಏನ್ ಹಾಕಿದ್ದೆ ಮಾರಾಯ್ತಿ ಇವತ್ತು? ನನ್ನ ಕಾಗದ ಎಲ್ಲಾ ಖಾಲಿ," ಎಂದಳು ಬೆಂಚಿನ ಮೇಲೆ ಕುಸಿಯುತ್ತ. "ಗಾಬಿನೊ ಒಳಗೆ ಕೂತ್ಕೊಂಡು ಸಂತರ ಹೆಸರೆಲ್ಲಾ ಕರೀತಿದ್ದ. ಕೆಲವು ಹೆಸರು ನಾನು ಕೇಳೇ ಇರ್ಲಿಲ್ಲ. ಪಾಪ, ನಿಮ್ಮ ಎದುರು ಸಾಲಿನ ಯಂತ್ರದವನು ಇದಾನಲ್ಲ, ಸಾಧು ಮನುಷ್ಯ..."

"ಅವನಿಗೇನಾಯ್ತು?" ಎರ್ಲಿಂದಾ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಎರಡು ಸಲ ಬಂದ. ಮೊದಲ್ನೇ ಸಲ ಟೋಪಿ ತೆಗೆದು 'ನಮಸ್ಕಾರ ಅಮ್ಮ' ಅಂದ. ಎರಡನೇ ಸಲ ಕಾಗದ ತಗೊಳ್ಳೋಕೂ ನಿಲ್ಲಲಿಲ್ಲ. ನಾನೇ ಬಾಗಿಲ ಕೆಳಗಿಂದ ತಳ್ಳಿದೆ."

ಬುಧವಾರ ಖಾರ ಕಡಿಮೆ ಮಾಡಬೇಕೆಂದು ಎರ್ಲಿಂದಾ ನಿಶ್ಚಯಿಸಿಯೇ ಒರಳ ಮುಂದೆ ಕೂತಳು. ಆದರೆ ಅತ್ತೆ ಆಗಲೇ ಟೋರ್ಟಿಯಾ ಹಿಡಿದು ಕಾಯುತ್ತಿದ್ದಳು. ಒಂದು ದಿನ ಸಪ್ಪೆ, ಒಂದು ದಿನ ಬೆಂಕಿ, ಮತ್ತೆ ಸಪ್ಪೆಯೆಂದರೆ ಯಾರಿಗಾದರೂ ಅರ್ಥವಾಗುತ್ತದೆ. ಅವಳು ಮತ್ತೆ ಎರಡು ಹಿಡಿ ಹಾಕಿದಳು. ಎಲಿಸೆಯೊನ ಬಟ್ಟಲಿಗೆ ಮಾತ್ರ ಯಾರೂ ನೋಡದಾಗ ನೀರು ಬೆರೆಸಿದಳು. ಗಾಬಿನೊ ಕೈ ಚಾಚಿ ಅದೇ ಬಟ್ಟಲನ್ನು ಎಳೆದುಕೊಂಡು, ತನ್ನದನ್ನು ಅವನತ್ತ ದಬ್ಬಿದ. ಗುರುವಾರವೂ ಬಿಕ್ಕಳಿಕೆ. ಶುಕ್ರವಾರ ಬೆಂಚಿನ ತುದಿ ಖಾಲಿ.

"ಯಂತ್ರದವನು ಮೇಜು ಖಾಲಿ ಮಾಡ್ತಾನಂತೆ," ಎಂದಳು ಚೋಲೆ ಸಂಜೆ. "ಸೋಮವಾರದಿಂದ ಅಪಿಸಾಕೊ ಮಾರ್ಕೆಟ್ಟಂತೆ."

"ಯಾಕೆ?"

"ಯಾಕೆ ಅಂತ ನೀನು ಕೇಳ್ತೀಯಾ? ರವಿಕೆ ಹೊಲಿಯೋರೆಲ್ಲಾ ಯಂತ್ರ ವಾಪಸ್ ತಗೊಂಡೋದ್ರು. ತರಕಾರಿಯವಳು ಅವನಿಗೆ ಕೊಳೆತ ಟೊಮೇಟೊನೇ ಆರಿಸಿ ಕೊಡ್ತಾಳೆ. ನಿನ್ನ ಕೋಪ ಅವನ ಮೇಲೆ ಅಂತ ಎಲ್ಲರಿಗೂ ಗೊತ್ತು."

ಎರ್ಲಿಂದಾ ಸೌಟು ಕೆಳಗಿಟ್ಟು ತಿರುಗಿದಳು. "ನಂಗೆ ಅವನ ಮೇಲೆ ಕೋಪ ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಹೊಟ್ಟೆ ಹೇಳ್ತಿದೆ. ಗಾಬಿನೊ ಕೂತು ಲೆಕ್ಕ ಹಾಕಿದ. ಸೋಮವಾರ ಅವನು ಎಲ್ಲರ ಮುಂದೆ 'ಇವತ್ತು ಚೆನ್ನಾಗಿದೆ' ಅಂದ್ನಲ್ಲ? ಅಂದ್ರೆ ಇಷ್ಟು ದಿನ ಚೆನ್ನಾಗಿರ್ಲಿಲ್ಲ ಅಂತ. ಯಾವ ಅಡುಗೆಯವಳು ತಡ್ಕೋತಾಳೆ? ಮಾರನೇ ದಿನದಿಂದ ನಮಗೆಲ್ಲಾ ಬೆಂಕಿ." ಚೋಲೆ ಸುತ್ತ ನೋಡಿ ದನಿ ತಗ್ಗಿಸಿದಳು. "ನಿಮ್ಮತ್ತೆನೂ ದಿನಾ ಬರ್ತಾರೆ ನನ್ನ ಹತ್ರ. ಯಾರಿಗೂ ಹೇಳ್ಬೇಡ ಅಂದಿದಾರೆ. ಏನೇ ಕೋಪ ಇರ್ಲಿ, ಬೇಗ ಕ್ಷಮಿಸಿಬಿಡೇ ಅವನನ್ನ. ಊರು ಉಳ್ಕೊಳ್ಲಿ."

ಕ್ಷಮಿಸುವುದಾದರೆ ಸುಲಭವಿತ್ತು. ಎರ್ಲಿಂದಾ ಆ ರಾತ್ರಿ ಹಾಸಿಗೆಯಲ್ಲಿ ತನ್ನ ಕೋಪವನ್ನು ಹುಡುಕಿದಳು. ರುಫಿನೊನ ಮುಖ ನೆನೆದಳು, ಆ ಇನ್ನೊಬ್ಬಳ ಮನೆಯ ಚಪ್ಪಲಿ ನೆನೆದಳು. ಒಂದು ಕಾಲಕ್ಕೆ ಆ ಚಪ್ಪಲಿಯನ್ನು ನೆನೆದರೆ ಕೈ ತಾನಾಗಿ ಒರಳಿನ ಗುಂಡು ಹಿಡಿಯುತ್ತಿತ್ತು. ಈಗ ಅದು ಬರೀ ಚಪ್ಪಲಿ, ಹಿಮ್ಮಡಿ ಸವೆದದ್ದು. ಎಷ್ಟು ಕಾಲದಿಂದ ಹೀಗೋ. ನೀನು ಸಿಟ್ಟಿನವಳು ಎಂದು ಊರು ಹೇಳುತ್ತಿತ್ತು. ಅವಳು ನಂಬಿಕೊಂಡು ಅಳತೆ ತಪ್ಪದೆ ಮೆಣಸಿನಕಾಯಿ ಹಾಕುತ್ತಿದ್ದಳು. ಪಕ್ಕದ ಮಂಚದಲ್ಲಿ ತೊಮಾಸಾ ಹೊಟ್ಟೆ ಹಿಡಿದುಕೊಂಡು ಮಗ್ಗುಲು ಬದಲಿಸಿದಳು.

ಶನಿವಾರ ಮಧ್ಯಾಹ್ನ ಬೆಂಚಿನಲ್ಲಿ ಜಾಗವಿರಲಿಲ್ಲ. ಎಲಿಸೆಯೊ ಬಂದು ಅಂಗಡಿಯ ಮುಂದೆ ನಿಂತಾಗ ಚಮಚಗಳ ಸದ್ದು ನಿಂತಿತು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಟೋಪಿ ಎರಡೂ ಕೈಯಲ್ಲಿ. ಈ ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು.

"ದೋನ್ಯಾ ಎರ್ಲಿಂದಾ," ಎಂದು ಗೌರವದಿಂದ ಕರೆದ. "ನಾನೇನು ತಪ್ಪು ಮಾಡಿದೆ ಅಂತ ನಂಗೆ ಸರಿಯಾಗಿ ತಿಳೀಲಿಲ್ಲ. ಗಾಬಿನೊ ಅವ್ರು ತಿಳಿಸಿ ಹೇಳಿದ್ರು. ಸೋಮವಾರ ಚೆನ್ನಾಗಿದೆ ಅನ್ಬಾರದಿತ್ತು. ತಪ್ಪಾಯ್ತು. ಊರು ಬಿಡೋಕೆ ಮುಂಚೆ ನಿಮ್ಮ ಮುಂದೆ ಕೂತು, ನಿಮ್ಮ ಕೋಪ ಎಷ್ಟಿದೆಯೋ ಅಷ್ಟನ್ನೂ ತಿಂದು ಹೋಗ್ತೀನಿ."

"ಗಂಡಸು," ಎಂದು ಗಾಬಿನೊ ಗಂಭೀರವಾಗಿ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಎಲಿಸೆಯೊ ಕೂತ. ಟೋಪಿಯನ್ನು ಮಂಡಿಯ ಮೇಲಿಟ್ಟ. ನಡುವಿನ ದೊಡ್ಡ ಬಟ್ಟಲನ್ನೇ ಎಳೆದುಕೊಂಡು, ಬರೀ ಸಾಲ್ಸಾವನ್ನು, ಗಂಜಿ ಕುಡಿಯುವವನಂತೆ ಚಮಚದಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಎರಡನೆಯ ಚಮಚಕ್ಕೆ ಅವನ ಕಿವಿಗಳು ಸುಟ್ಟ ಟೊಮೇಟೊದ ಬಣ್ಣಕ್ಕೆ ತಿರುಗಿದವು. ಬಿಕ್ಕಳಿಕೆ ಬಂತು, ಬಿಕ್ಕಳಿಕೆಗಳ ನಡುವೆ ಜಾಗ ನೋಡಿಕೊಂಡು ಮೂರನೆಯದನ್ನು ನುಂಗಿದ. ಚೋಲೆ ಯಾವಾಗ ಬಂದಿದ್ದಳೋ, ಗುಂಪಿನ ಹಿಂದೆ ಮಡಿಸಿದ ಕಾಗದವನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು.

ಅವನು ನಾಲ್ಕನೆಯ ಚಮಚ ಎತ್ತಿದಾಗ ಎರ್ಲಿಂದಾ ಅವನ ಮುಂದಿನಿಂದ ಬಟ್ಟಲನ್ನು ಕಿತ್ತುಕೊಂಡಳು. ಆ ಅಂಗಡಿಯಲ್ಲಿ ಉಣ್ಣುವವನ ಮುಂದಿನಿಂದ ಸಾಲ್ಸಾ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ.

"ಸಾಕು. ಕೋಪ ಇಲ್ಲ ನಂಗೆ."

"ಕೋಪ ಇಲ್ದೆ ಇಷ್ಟು ಖಾರ ಹೇಗೆ ಬರುತ್ತೆ?" ಕೇಳಿದ್ದು ಹೆಂಚಿನ ಹಿಂದಿನಿಂದ ತೊಮಾಸಾ.

ಎರ್ಲಿಂದಾ ಬಟ್ಟಲು ಹಿಡಿದುಕೊಂಡು ಅತ್ತೆಯ ಕಡೆ ತಿರುಗಿದಳು. "ಮೆಣಸಿನಕಾಯಿ ಹಾಕಿದ್ರೆ ಬರುತ್ತೆ ಅತ್ತೆ. ಜಾಸ್ತಿ ಹಾಕಿದ್ರೆ ಜಾಸ್ತಿ ಬರುತ್ತೆ."

ಚರ್ಚಿನಲ್ಲಿ ಯಾರೋ ಕೆಟ್ಟ ಮಾತಾಡಿದಂತೆ ಗಾಬಿನೊ ಶಿಲುಬೆಯ ಗುರುತು ಮಾಡಿಕೊಂಡ.

"ಎಷ್ಟು ಹಾಕಿದೆ?" ಎಂದಳು ತೊಮಾಸಾ.

"ಎರಡು ಹಿಡಿ. ಮೇಲೆ ಮನ್ಸಾನೊ. ಬೀಜದ ಸಮೇತ."

"ಮಂಗಳವಾರದಿಂದ?"

"ಮಂಗಳವಾರದಿಂದ."

ಮುದುಕಿ ಒಂದು ಕೈಯಿಂದ ಹೊಟ್ಟೆ ಮುಟ್ಟಿಕೊಂಡಳು. ಒಂದು ವಾರದ ಸಂಕಟವೆಲ್ಲ ಅವಳ ಮುಖದ ಮೇಲೆ ಹಾದುಹೋಯಿತು. ಬೈಯುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಕೇಳಿದ್ದು ಬೇರೆ, ಅದೂ ಸಣ್ಣ ದನಿಯಲ್ಲಿ.

"ನಮ್ಮ ರುಫಿನೊ ಮೇಲೂ ಇಲ್ವೇನೇ?"

ಎರ್ಲಿಂದಾಳಿಗೆ ಸುಳ್ಳು ಹೇಳಬೇಕೆನ್ನಿಸಿತು. ಇದೆ ಎಂದರೆ ಮುದುಕಿಗೆ ಸಮಾಧಾನವಾಗುತ್ತಿತ್ತು.

"ಇಲ್ಲ ಅತ್ತೆ. ಯಾವಾಗ ಹೋಯ್ತೋ ನಂಗೂ ಗೊತ್ತಾಗ್ಲಿಲ್ಲ."

ತೊಮಾಸಾ ಹೆಂಚನ್ನು ನೋಡುತ್ತ ಕೂತಳು. ಅದರ ಮೇಲೆ ಟೋರ್ಟಿಯಾ ಕರಕಲಾಗುತ್ತಿತ್ತು, ಅವಳು ಮಗುಚಲಿಲ್ಲ. ಎಲಿಸೆಯೊ ಏನೋ ಹೇಳಲು ಬಾಯಿ ತೆರೆದ, ಬಿಕ್ಕಳಿಕೆ ಮಾತ್ರ ಹೊರಬಂತು, ಬೆಂಚೇ ಅಲುಗುವಂಥದ್ದು. ಎರ್ಲಿಂದಾ ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದಳು. ಖಾರ ಹತ್ತಿದವನ ನಾಲಿಗೆಗೆ ಉಪ್ಪು ಹಾಕುವುದು ಅಲ್ಲಿ ಯಾರಿಗೂ ಹೊಸದಲ್ಲ. ಆದರೆ ಅವನ ಎದುರು ಹೋಗಿ ನಿಂತ ಮೇಲೆ ಅವಳ ಕೈ ಗಾಳಿಯಲ್ಲೇ ಉಳಿಯಿತು. ಇಡೀ ಮಾರುಕಟ್ಟೆ ಆ ಚಿಟಿಕೆಯನ್ನೇ ನೋಡುತ್ತಿತ್ತು.

"ಏನ್ ನೋಡ್ತಾ ನಿಂತೆ?" ಎಂದಳು ತೊಮಾಸಾ ತಲೆ ಎತ್ತದೆ. "ಉಪ್ಪು ಹಾಕ್ಬೇಕಾದ್ದು ಅವನ ನಾಲಿಗೆಗೆ. ನಿನ್ನ ಬೆರಳಿಗಲ್ಲ."

ಎಲಿಸೆಯೊ ಕಣ್ಣು ಮುಚ್ಚಿ, ಚರ್ಚಿನಲ್ಲಿ ಪಾದ್ರಿ ಕೊಡುವ ಪ್ರಸಾದದ ರೊಟ್ಟಿಗೆ ಕಾಯುವವನಂತೆ ನಾಲಿಗೆ ಚಾಚಿದ. ಅವಳು ಉಪ್ಪನ್ನು ಅದರ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಬೆಳಿಗ್ಗೆ ಅರೆದ ಖಾರ ಇನ್ನೂ ಆ ಬೆರಳಲ್ಲೇ ಇತ್ತು. ಅವನ ಮುಚ್ಚಿದ ಕಣ್ಣುಗಳ ಅಂಚಿನಿಂದ ಹೊಸದಾಗಿ ನೀರು ಇಳಿಯಿತು. ಅವನು ನಾಲಿಗೆ ಒಳಗೆ ಎಳೆದುಕೊಳ್ಳಲಿಲ್ಲ.